ಉಜ್ಜಪ್ಪನ ಐದು ನಿಮಿಷ

ಶಿಕಾರಿಪುರ ತಾಲ್ಲೂಕಿನ ನಮ್ಮೂರ ಪಂಚಾಯ್ತಿ ಗ್ರಂಥಾಲಯದಲ್ಲಿ ಜನರಿಗೆ ಮೊಬೈಲ್ ಬಳಸುವುದನ್ನು ಹೇಳಿಕೊಡುವುದೂ ಈಗ ನನ್ನದೇ ಕೆಲಸ. ಪುಸ್ತಕ ಕೊಡಲು ಸೇರಿದವಳಿಗೆ ಇದೆಲ್ಲಿಂದ ಗಂಟುಬಿತ್ತೋ ಗೊತ್ತಿಲ್ಲ. ಹೇಳಿದ್ದನ್ನೇ ಹೇಳಿ ಹೇಳಿ ಸಂಜೆ ಹೊತ್ತಿಗೆ ಗಂಟಲು ಒಣಗಿರುತ್ತದೆ. ಅದರ ಮೇಲೆ ಹೋದ ಶ್ರಾವಣದಲ್ಲಿ ಉಜ್ಜಪ್ಪ ಬಂದ.

ಉಜ್ಜಪ್ಪನಿಗೆ ಅರವತ್ತರ ಹತ್ತಿರ. ಕುರಿ ಸಾಕಿಕೊಂಡಿದ್ದವನು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ತಲೆಗೆ ಕೊಡಲಿ ಕಾವಿನಿಂದ ಹೊಡೆದ, ಅವನು ಸತ್ತ. ಹದಿನಾರು ವರ್ಷ ಜೈಲಿನಲ್ಲಿದ್ದು ಹೊರಗೆ ಬಂದರೆ ಪಡಿತರಕ್ಕೂ ಫೋನು, ಪಹಣಿಗೂ ಫೋನು.

ಮೊದಲ ದಿನ ಅವನ ಪಕ್ಕ ಕೂರಲು ನನಗೆ ಹೆದರಿಕೆಯಾಯಿತು. ಆಮೇಲೆ ಹೆದರಿಕೆ ಹೋಗಿ ಸಿಟ್ಟು ಬಂತು. ಪ್ರತಿಯೊಂದಕ್ಕೂ "ಒತ್ಲೇನ್ರಿ ಮೇಡಂ?" ಎಂದು ಕೇಳಿ ಬೆರಳು ಎತ್ತಿಕೊಂಡು ಕೂರುತ್ತಿದ್ದ. ನಾನು ಬೇರೆಯವರ ಕಡೆ ತಿರುಗಿದರೆ ಹಾಗೇ ಕಾಯುತ್ತಿದ್ದ. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತಿತ್ತು. "ನಿಮ್ಮ ಫೋನು, ನಿಮ್ಮ ಬೆರಳು. ನನ್ನನ್ನೇನು ಕೇಳ್ತೀರಿ?" ಎಂದು ಒಮ್ಮೆ ರೇಗಿದೆ. "ತಪ್ಪಾತ್ರಿ" ಎಂದು ಎದ್ದು ಕೈಕಟ್ಟಿ ನಿಂತುಬಿಟ್ಟ. ಆ ವಯಸ್ಸಿನ ಮನುಷ್ಯ ಹಾಗೆ ನಿಂತದ್ದು ನೋಡಿ ನನಗೇ ನಾಚಿಕೆಯಾಯಿತು.

ಅವನಿಗೆ ಪಡಿತರ, ಪಹಣಿ ಯಾವುದೂ ಅಷ್ಟಾಗಿ ಬೇಕಿರಲಿಲ್ಲ. ಬೇಕಿದ್ದದ್ದು ಮಗಳು ಪವಿತ್ರ. ಇವನು ಒಳಗಿದ್ದಾಗಲೇ ಹೆಂಡತಿ ಗುಡ್ಡಮ್ಮ ಅವಳನ್ನು ಸೊರಬದ ಕಡೆ, ಕುಪ್ಪಗಡ್ಡೆಗೆ ಮದುವೆ ಮಾಡಿಕೊಟ್ಟಿದ್ದಳು. ಆಮೇಲೆ ತಾನೂ ತೀರಿಕೊಂಡಳು. ಎರಡು ಮೊಮ್ಮಕ್ಕಳ ಮುಖವನ್ನು ಇವನು ನೋಡಿಯೇ ಇಲ್ಲ.

"ಅವ್ಳು ಬಾ ಅಂದ್ರೆ ಬಸ್ ಹತ್ತೋದೇ ನೋಡ್ರಿ ಮೇಡಂ. ಕರೀದೇ ಹೋಗಾಕೆ ನಂಗ್ಯಾವ ಮುಖ ಐತಿ?" ಎನ್ನುತ್ತಿದ್ದ.

ಗುಡ್ಡಮ್ಮನ ತಮ್ಮನಿಂದ ಮಗಳ ನಂಬರ್ ಸಿಕ್ಕಿತು. ಮಧ್ಯಾಹ್ನ ಹೊತ್ತೇ ಮಾಡು ಎಂದು ಅವಳು ಹೇಳಿದ್ದಳಂತೆ. ದಿನಾ ನನ್ನ ಮೇಜಿನ ಮುಂದೆಯೇ ಕೂತು, ಸ್ಪೀಕರ್ ಹಾಕಿಕೊಂಡು, ಗೋಡೆ ಗಡಿಯಾರ ನೋಡುತ್ತಾ ಮಾತಾಡುತ್ತಿದ್ದ. ಊಟ ಆತಾ, ಮಕ್ಳು ಆರಾಮಾ, ಮಳಿ ಐತಾ ಎಂದು ಕೇಳುತ್ತಾ ಹೋಗಿ, ಅವಳು "ಅಪ್ಪಾ, ಒಂದು ಮಾತು" ಎನ್ನುವಷ್ಟರಲ್ಲಿ ಕಟ್ ಮಾಡಿಬಿಡುತ್ತಿದ್ದ.

ಒಂದು ದಿನ ಅವನು ನೀರು ಕುಡಿಯಲು ಹೋಗಿದ್ದಾಗ ಅವಳೇ ಫೋನ್ ಮಾಡಿದಳು. ನಾನು ಎತ್ತಿ, ಗ್ರಂಥಾಲಯದವಳು ಎಂದೆ.

"ಅಪ್ಪಂಗೆ ನನ್ನ ಹತ್ರ ಮಾತಾಡಕ್ಕೆ ಇಷ್ಟ ಇಲ್ಲ ಕಾಣ್ತದೆ ಮೇಡಂ. ಹದಿನೈದು ದಿನದಿಂದ ಒಂದು ವಿಷ್ಯ ಹೇಳ್ಬೇಕು ಅಂತಿದೀನಿ. ಅಷ್ಟೊತ್ತಿಗೆ ಇಟ್ಟೇಬಿಡ್ತಾನೆ" ಎಂದಳು. ದನಿಯಲ್ಲಿ ಅಳುವಿತ್ತು.

ಉಜ್ಜಪ್ಪನನ್ನು ಕೂರಿಸಿಕೊಂಡು ಯಾಕೆ ಹೀಗೆ ಎಂದು ಕೇಳಿದೆ.

"ಐದು ನಿಮಿಷ ಆತಲ್ರಿ" ಎಂದ.

ಜೈಲಿನಲ್ಲಿ ಫೋನು ವಾರಕ್ಕೊಮ್ಮೆ, ಐದೇ ನಿಮಿಷ. ಮುಗಿದರೆ ತಾನಾಗಿ ಕಟ್ ಆಗುತ್ತಿತ್ತಂತೆ. "ಒಂದ್ಸಲ ನಮ್ಮಾಕಿ ಏನೋ ಹೇಳಾಕೆ ಬಾಯಿ ತೆಗೆದ್ಲು, ಕಟ್ಟಾತು. ಏನು ಹೇಳ್ತಿದ್ಲೋ ಅಂತ ಒಂದು ವಾರ ನಿದ್ದಿ ಇಲ್ರಿ. ಅರ್ಧ ಮಾತು ಕೇಳೋದೇ ಬ್ಯಾಡ ಅಂತ ಆಮ್ಯಾಲೆ ನಾನೇ ಮೊದ್ಲು ಇಟ್ಟುಬಿಡ್ತಿದ್ದೆ."

ಕೇಳಿ ಅಯ್ಯೋ ಅನ್ನಿಸಿತು. ಜೊತೆಗೆ ಖುಷಿಯೂ ಆಯಿತು, ಯಾಕೆಂದರೆ ಮಗಳು ಹೇಳಬೇಕೆಂದಿದ್ದದ್ದು ಬಾ ಎಂದೇ ಇರಬೇಕು ಎಂದುಕೊಂಡೆ. ಗಡಿಯಾರವನ್ನು ಗೋಡೆಯಿಂದ ಇಳಿಸಿ ಬೀರುವಿನ ಮೇಲೆ ಬೋರಲು ಹಾಕಿದೆ. "ಇವತ್ತು ನೀವು ಕಟ್ ಮಾಡಬಾರದು, ಅವಳೇ ಮಾಡಲಿ" ಎಂದೆ.

ಎಂದಿನಂತೆ ಊಟ, ಮಕ್ಕಳು, ಮಳೆ ಮುಗಿಯಿತು. ಅವನ ಬೆರಳು ಕೆಂಪು ಗುಂಡಿಯ ಹತ್ತಿರ ಹೋಯಿತು. ನಾನು ಬೇಡವೆಂದು ತಲೆಯಾಡಿಸಿದೆ.

"ಅಪ್ಪಾ, ಬೇಜಾರ್ ಮಾಡ್ಕೋಬೇಡ" ಎಂದಳು ಪವಿತ್ರ. "ನನ್ನ ಮದ್ವೆ ಟೈಮಲ್ಲಿ ಅವ್ವ ಗಂಡನ ಮನೆಯೋರ್ಗೆ ನೀನು ತೀರ್ಕೊಂಡಿದೀಯ ಅಂತ ಹೇಳಿದ್ಲು. ಇವರ ಮನೇಲಿ ಈಗ್ಲೂ ಹಂಗೇ ತಿಳ್ಕೊಂಡಿದಾರೆ. ಮಕ್ಕಳೂ ಅಷ್ಟೇ. ನೀನು ಇಲ್ಲಿಗೆ ಬರೋದು ಬೇಡಪ್ಪ."

ಕೈ ಚಾಚಿ ನಾನೇ ಕಟ್ ಮಾಡಿಬಿಡೋಣ ಅನ್ನಿಸಿತು. ಹದಿನೈದು ದಿನ ತಪ್ಪಿಸಿಕೊಂಡಿದ್ದವನನ್ನು ಹಿಡಿದು ಕೂರಿಸಿ ಇದನ್ನು ಕೇಳಿಸಿದವಳು ನಾನು. ಸುಮ್ಮನೆ ಪುಸ್ತಕ ಜೋಡಿಸಿಕೊಂಡಿದ್ದರೆ ಆಗುತ್ತಿರಲಿಲ್ಲವೇ?

ಉಜ್ಜಪ್ಪ ಬೆರಳನ್ನು ಕೆಂಪು ಗುಂಡಿಯ ಹತ್ತಿರದಿಂದ ಹಿಂದಕ್ಕೆಳೆದುಕೊಂಡ. "ಫೋನ್ ಮಾಡ್ಬೋದೇನವ್ವ?"

"ಮಾಡಪ್ಪ."

ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ ಅವನೇ, "ದೊಡ್ಡದು ಎಷ್ಟನೇ ಕ್ಲಾಸು?" ಎಂದು ಕೇಳಿದ.

"ಎರಡನೇ ಕ್ಲಾಸು. ದಿನಾ ನಿನ್ನ ಫೋಟೋಕ್ಕೆ ಕೈ ಮುಗಿದೇ ಸ್ಕೂಲಿಗೆ ಹೋಗೋದು" ಎಂದಳು ಮಗಳು.