ನಿದ್ದೆಯಲ್ಲಿ ಹೋದ ಫೋನು

ಸತ್ತವರು ಮಾತಾಡುತ್ತಾರೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ. ನಿಮಗೆ ಬೇರೆ ಅರ್ಥ ಹೊಳೆದರೆ ಒಳ್ಳೆಯದೇ.

ನನ್ನ ಅಕ್ಕ ಸೀವುಡ್ಸ್‌ನ ತನ್ನ ಫ್ಲ್ಯಾಟಿನಲ್ಲಿ ತೀರಿಕೊಂಡಳು. ಬೆಳಿಗ್ಗೆ ಹಾಲ್‌ನ ಸೋಫಾದ ಮೇಲೆ ದೇಹ ತಣ್ಣಗಾಗಿತ್ತು. ಟಿ.ವಿ. ನೋಡುತ್ತ ಅಲ್ಲೇ ಮಲಗಿದ್ದಳು, ನಿದ್ದೆಯಲ್ಲೇ ಹೋದಳು ಎಂದು ಭಾವ ಎಲ್ಲರಿಗೂ ಹೇಳಿದ. ಅಕ್ಕ ಟಿ.ವಿ. ನೋಡುವವಳೇ ಅಲ್ಲ. ಎದೆ ಹಿಡಿದಂತಾಗುತ್ತದೆ ಎಂದು ಹಿಂದಿನ ದಿನವಷ್ಟೇ ನನ್ನ ಹತ್ತಿರ ಅಂದಿದ್ದಳು. ಅವನಿಗೂ ಹೇಳಿರಲೇಬೇಕು. ಕೇಳಿದರೆ, “ನನಗೆಂಥದ್ದೂ ಹೇಳಲಿಲ್ಲ ಮಾರಾಯ್ತಿ” ಎಂದು ಮುಖ ತಿರುಗಿಸಿದ. ಅಂದಿನಿಂದ ನನ್ನ ನಿದ್ದೆ ಹೋಯಿತು.

ಐರೋಲಿಯ ಆಫೀಸಿನಲ್ಲಿ ನನಗೆ ರಾತ್ರಿ ಪಾಳಿ. ಬೆಳಿಗ್ಗೆ ಡೊಂಬಿವಲಿಯ ಗಂಡನ ಮನೆಗೆ ಬಂದು ಮಲಗಿದರೆ, ನಾಲ್ಕು ಜನರೆದುರು ಭಾವನ ಮಾನ ಕಳೆಯುವುದು ಹೇಗೆ ಎಂಬುದೇ ಯೋಚನೆ. ಅವನ ಮರುಮದುವೆಯ ಮಾತು ನಡೆದಿದೆ ಎಂದು ತಿಳಿದ ಮೇಲೆ ಬರುತ್ತಿದ್ದ ತುಸು ಜೋಂಪೂ ನಿಂತಿತು.

ಡಾಕ್ಟರು ಬರೆದುಕೊಟ್ಟದ್ದು ನಿಧಾನವಾಗಿ ಕರಗುವ ಮಾತ್ರೆ. ಹೊರಪದರ ಬೇಗ ಕರಗಿ ನಿದ್ದೆ ಹತ್ತಿಸುತ್ತದೆ, ಒಳಗಿನದು ಮೆಲ್ಲಗೆ ಕರಗುತ್ತ ನಡುವೆ ಎಚ್ಚರವಾಗದಂತೆ ನೋಡಿಕೊಳ್ಳುತ್ತದೆ. ಅದಕ್ಕೇ ಮುರಿದು, ಜಗಿದು ನುಂಗಬಾರದು, ಪೂರಾ ನಿದ್ದೆಗೆ ಸಮಯವಿದ್ದಾಗ ಮಾತ್ರ ತೆಗೆದುಕೊಳ್ಳಬೇಕು ಎಂದರು. ಕೆಲವರು ನಿದ್ದೆಯಲ್ಲೇ ಎದ್ದು ನಡೆಯುತ್ತಾರೆ, ಫೋನ್ ಮಾಡುತ್ತಾರೆ, ಆಮೇಲೆ ನೆನಪಿರುವುದಿಲ್ಲ, ಹಾಗಾದರೆ ಕೂಡಲೇ ನಿಲ್ಲಿಸಿ ಬನ್ನಿ ಎಂದೂ ಎಚ್ಚರಿಸಿದರು.

ಒಂದು ಭಾನುವಾರ ಬೆಳಿಗ್ಗೆ ಮಾತ್ರೆ ನುಂಗಿ ಮಲಗಿದವಳು ಎದ್ದಾಗ ಸಂಜೆಯಾಗಿತ್ತು. ಫೋನಿನ ತುಂಬ ಭಾವನ ಮಿಸ್ಡ್ ಕಾಲ್. ನೋಡುತ್ತಿದ್ದಂತೆ ಮತ್ತೆ ರಿಂಗಾಯಿತು.

“ಎಂಥ ಮಾಡಿಬಿಟ್ಟೆ ನೀನು! ಹುಡುಗಿ ಕಡೆಯವರು ಊಟ ಬಿಟ್ಟು ಎದ್ದು ಹೋದ್ರು.”

ಮಧ್ಯಾಹ್ನ ಅವರೆಲ್ಲ ಊಟಕ್ಕೆ ಕೂತಿದ್ದಾಗ ನನ್ನ ನಂಬರಿನಿಂದ ಫೋನ್ ಬಂತಂತೆ. ನಾದಿನಿ ಶುಭ ಹಾರೈಸಲು ಮಾಡಿದ್ದಾಳೆ ಎಂದು, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದನಂತೆ. ಆ ಕಡೆಯಿಂದ ನಮ್ಮ ತುಳುವಿನಲ್ಲಿ, ಬಹಳ ಸಮಾಧಾನವಾಗಿ ಇಷ್ಟು ಮಾತು: “ಎದೆ ನೋಯ್ತದೆ ಅಂದೆ. ‘ನಾಳೆ ಆಫೀಸುಂಟು, ಸಾಯುವುದಾದ್ರೆ ಹಾಲ್‌ಗೆ ಹೋಗಿ ಸಾಯಿ’ ಅಂದ್ರಿ. ಹೋದೆ.”

“ಸಿಟ್ಟಲ್ಲಿ ಅಂದದ್ದು ಅದು! ರೂಮಲ್ಲಿ ನಾವಿಬ್ಬರೇ ಇದ್ದದ್ದು. ನಿನಗೆ ಯಾರು ಹೇಳಿದ್ದು?”

ಅತಿಥಿಗಳೆದುರಿಗೂ ಅವನು ಕೂಗಿದ್ದು ಇದನ್ನೇ. ಹುಡುಗಿಯ ಅಪ್ಪನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನನ್ನ ಹೊಟ್ಟೆ ತಣ್ಣಗಾಯಿತು. ಮುಚ್ಚಿಡುವುದೇಕೆ, ಜೋರಾಗಿ ನಕ್ಕೆ. ನಗು ಇಳಿದ ಮೇಲೆ ಫೋನ್ ನೋಡಿದೆ. ಕರೆ ಹೋಗಿದ್ದು ನಿಜ. ಫೋನ್ ಮಾಡಿಸಿದ್ದು ಮಾತ್ರೆ ಅನ್ನೋಣ. ನನಗೆ ಗೊತ್ತೇ ಇಲ್ಲದ ಮಾತು ಎಲ್ಲಿಂದ ಬಂತು? ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕೇಳಿದೆ.

“ಹೌದು, ನೀನು ಮಂಚದ ಮೇಲೆ ಕೂತು ಫೋನ್ ಕಿವಿಗೆ ಇಟ್ಕೊಂಡಿದ್ದೆ” ಎಂದರು. “ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ಒಂದು ಮಾತೂ ಆಡ್ಲಿಲ್ಲ. ಬರೀ ಕೇಳ್ತಾ ಇದ್ದೆ.”

ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಅತ್ತೆ ಸರಿಯಾಗಿ ಗಮನಿಸಿರಲಿಕ್ಕಿಲ್ಲ, ನೀವೇ ಊಹಿಸಿ ಆಡಿರಬಹುದು ಎಂದರು. ಇರಬಹುದು. ಅಕ್ಷರ ಬಿಡದೆ ಊಹಿಸಲಾಗುತ್ತದೆಯೇ, ಗೊತ್ತಿಲ್ಲ.

ಭಾವ ಈಗಲೂ ಆಗಾಗ ಫೋನ್ ಮಾಡುತ್ತಾನೆ. “ನೀನೇ ಮಾತಾಡಿದ್ದು ಅಂತ ಒಂದ್ಸಲ ಹೇಳಿಬಿಡು, ಸಾಕು” ಎಂದು ಗೋಗರೆಯುತ್ತಾನೆ. ಹಾಗೆ ಹೇಳಿಬಿಟ್ಟರೆ ಅವನ ಭಯ ಇಳಿಯುತ್ತದೆ, ಅದು ನನಗೆ ಗೊತ್ತು. “ನಾನು ಮಲಗಿದ್ದೆ ಭಾವ” ಎನ್ನುತ್ತೇನೆ. ಆ ದನಿ ಯಾರದಾಗಿತ್ತು ಎಂದು ನಾನೂ ಇಂದಿನವರೆಗೆ ಅವನನ್ನು ಕೇಳಿಲ್ಲ.