ಎಂಟರ ಬಸ್ಸು, ಒಂಬತ್ತರ ಮದ್ದು

ಬಸ್ಸು ತಿರುವಿಗೆ ಬಂದರೆ ನನ್ನ ಕಾಲು ಈಗಲೂ ತಾನಾಗಿ ಮುಂದಿನ ಸೀಟನ್ನು ಒತ್ತಿ ಹಿಡಿಯುತ್ತದೆ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಬಸ್ಸಿನ ಮೇಲೆ ಕಲ್ಲು ಸುರಿದ ಆ ಬೆಳಿಗ್ಗೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ನೋಡಿ ನೋಡಿ ದಣಿದಿದ್ದೇನೆ. ಅದರ ಬೇರು ನಾನು ವಾರವಾರ ಸರಿಪಡಿಸುತ್ತಿದ್ದ ಒಂದು ಗೋಡೆ ಗಡಿಯಾರದಲ್ಲಿತ್ತು.

ಅರವತ್ತರ ದಶಕದ ನಡುವಿನ ಮಾತು. ಬಿಎಸ್ಸಿ ಮುಗಿಸಿದ ನನಗೆ ಸಾಗರದ ಹೊರಗಿನ ಬಯಲಿನಲ್ಲಿ, ಒಂದು ಸಣ್ಣ ರೇಡಿಯೋ ವೀಕ್ಷಣಾ ಕೇಂದ್ರದಲ್ಲಿ ಸಹಾಯಕನ ಕೆಲಸ ಸಿಕ್ಕಿತ್ತು. ಕಂಬಗಳಿಗೆ ತಂತಿ ಎಳೆದು, ದೂರದ ನಕ್ಷತ್ರವೊಂದರಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು, ಸುರುಳಿ ಕಾಗದದ ಮೇಲೆ ಗೆರೆಯಾಗಿ ಬರೆಸುತ್ತಿದ್ದೆವು. ಹೊಸನಗರ, ತೀರ್ಥಹಳ್ಳಿಗಳಲ್ಲೂ ಇಂಥದೇ ಒಂದೊಂದು ಪುಟ್ಟ ಯಂತ್ರವಿತ್ತು. ಬಹಳ ಎತ್ತರದ ಗಾಳಿ ಸರಿದಂತೆ ನಕ್ಷತ್ರದ ಒಂದು ಮಿನುಗು ಮೂರು ಊರಿಗೂ ಕೆಲವು ಸೆಕೆಂಡುಗಳ ಅಂತರದಲ್ಲಿ ಮುಟ್ಟುತ್ತದೆ. ಆ ಅಂತರದಿಂದ ಗಾಳಿಯ ವೇಗವನ್ನು ಕಂಡುಹಿಡಿಯಬೇಕು. ಮೂರು ಗಡಿಯಾರಗಳು ಒಂದೇ ಮಾತು ಆಡದಿದ್ದರೆ ಕಾಗದವೆಲ್ಲ ಒಲೆಗೆ.

ದೆಹಲಿಯಿಂದ ಬರುವ ಸಮಯದ ಸಂಕೇತ ಸಾಗರದಲ್ಲಿ ಟಿಕ್ ಟಿಕ್ ಎಂದು ಚೆನ್ನಾಗಿ ಕೇಳುತ್ತಿತ್ತು. ಉಳಿದೆರಡು ಕಡೆ ಬರೀ ಗೊರಗೊರ. ಆದ್ದರಿಂದ ಸಾಗರದಲ್ಲಿ ಹೊಂದಿಸಿದ ಒಂದು ಗಡಿಯಾರವನ್ನು ಹತ್ತಿ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು, ವಾರಕ್ಕೊಮ್ಮೆ ಎರಡೂ ಊರಿಗೆ ಹೋಗಿ ಬರುವುದು ನನ್ನ ಪಾಲಿಗೆ ಬಂದಿತ್ತು. "ಕೂಸು ಮಲಗಿದ್ಯಾ ಸ್ವಾಮಿ?" ಎಂದು ಕಂಡಕ್ಟರ್ ಪೆಟ್ಟಿಗೆಗೆ ಕಿವಿಯಿಟ್ಟು ಕೇಳುತ್ತಿದ್ದ. "ಅರ್ಧ ಟಿಕೆಟ್ ಹರೀಬೇಕಾಗ್ತದೆ ಇನ್ಮೇಲೆ."

ತೀರ್ಥಹಳ್ಳಿಯ ಗಡಿಯಾರ ವಾರದಲ್ಲಿ ಕೆಲವೇ ಸೆಕೆಂಡು ತಪ್ಪುತ್ತಿತ್ತು. ಹೊಸನಗರದ್ದು ಹತ್ತು ಹದಿನೈದು ನಿಮಿಷ ಹಿಂದೆ ಬೀಳುತ್ತಿತ್ತು. ಸರಿ ಮಾಡಿ ಬಂದರೆ ಮುಂದಿನ ವಾರ ಮತ್ತೆ ಅದೇ ಕಥೆ. ಎಣ್ಣೆ ಬದಲಿಸಿದೆ. ಲೋಲಕದ ತಗಡು ಬದಲಿಸಿದೆ. ಗೋಡೆಗೆ ರಸಮಟ್ಟ ಹಿಡಿದು ಗಡಿಯಾರವನ್ನು ನೆಟ್ಟಗೆ ನಿಲ್ಲಿಸಿದೆ. ಕೊನೆಗೆ ಅದನ್ನೇ ಬಿಚ್ಚಿ ತೀರ್ಥಹಳ್ಳಿಗೆ ಒಯ್ದು, ಅಲ್ಲಿಯದನ್ನು ತಂದು ಇಲ್ಲಿ ನೇತುಹಾಕಿದೆ. ರೋಗದ ಗಡಿಯಾರ ತೀರ್ಥಹಳ್ಳಿಯಲ್ಲಿ ಗುಣವಾಯಿತು. ಗಟ್ಟಿಮುಟ್ಟಾದದ್ದು ಹೊಸನಗರದಲ್ಲಿ ಮಲಗಿತು. ಸಾಗರದ ನಮ್ಮ ಮೇಲಧಿಕಾರಿ ಆ ನೆಲದಲ್ಲಿ ಕಬ್ಬಿಣದ ಅಂಶ ಇರಬೇಕೆಂದರು. ನಾನು ಒಂದು ದಿನವೆಲ್ಲ ದಿಕ್ಸೂಚಿ ಹಿಡಿದು ಅಂಗಳ ಸುತ್ತಿದೆ. ಮುಳ್ಳು ಅಲುಗಲಿಲ್ಲ.

ಹೊಸನಗರದ ಯಂತ್ರವಿದ್ದದ್ದು ಬಸ್ ನಿಲ್ದಾಣದ ಎದುರಿನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಆ ಕೋಣೆಯ ಗೋಡೆ ಒಸರುತ್ತಿದ್ದುದರಿಂದ ಗಡಿಯಾರವನ್ನು ಮಾತ್ರ ಅಂಗಡಿಯ ಗೋಡೆಗೆ ಹಾಕಿ ತಂತಿ ಎಳೆದಿದ್ದೆವು. ಕೀ ಕೊಡುವುದು, ಕಾಗದ ಬದಲಿಸುವುದು ಟೈಲರರ ಜವಾಬ್ದಾರಿ. ಅಚ್ಚುಕಟ್ಟಿನ ಮನುಷ್ಯ, ಕಾಜಾ ಹೊಲಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಅಂಗಡಿಗೆ ಬಂದವರು "ಇದ್ರಲ್ಲಿ ಹಾಡು ಬರ್ತದಾ?" ಎಂದರೆ, "ಹಾಡಲ್ಲ, ಡೆಲ್ಲಿ ಟೈಮು" ಎನ್ನುತ್ತಿದ್ದರು. ಊರಿನ ಶಾಲೆಯ ಗಂಟೆಯನ್ನೂ ಕ್ರಮೇಣ ಆ ಗಡಿಯಾರವನ್ನು ನೋಡಿಯೇ ಬಾರಿಸತೊಡಗಿದರು.

ಅದೇ ಚಳಿಗಾಲದಲ್ಲಿ ತೀರ್ಥಹಳ್ಳಿ ರಸ್ತೆಯನ್ನು ಅಗಲ ಮಾಡಲು ಒಂದು ತಿರುವಿನಲ್ಲಿ ಬಂಡೆ ಸಿಡಿಸುತ್ತಿದ್ದರು. ಮದ್ದಿಗೆ ಬೆಂಕಿ ಕೊಡುವುದು ಬೆಳಿಗ್ಗೆ ಒಂಬತ್ತಕ್ಕೆ. ಎಂಟಕ್ಕೆ ಹೊಸನಗರ ಬಿಡುವ ಬಸ್ಸು ಅಷ್ಟರಲ್ಲಿ ಅಲ್ಲಿಂದ ದಾಟಿ ಬಹಳ ಹೊತ್ತಾಗಿರುತ್ತಿತ್ತು. ಅದರ ಹಿಂದೆ ಮಧ್ಯಾಹ್ನದವರೆಗೆ ಬೇರೆ ಗಾಡಿ ಇರದ ಕಾರಣ ಕೆಂಪು ಬಾವುಟದವನನ್ನು ಮರದ ದಿಮ್ಮಿ ಹೊತ್ತ ನಾಟಾ ಲಾರಿಗಳು ಬರುವ ತೀರ್ಥಹಳ್ಳಿ ಕಡೆಗೆ ಮಾತ್ರ ನಿಲ್ಲಿಸುತ್ತಿದ್ದರು. ಈ ಕಡೆಗೆ ಬಸ್ಸು ಸಮಯಕ್ಕೆ ಹೋಗಿರುತ್ತದೆಂಬ ನಂಬಿಕೆಯೊಂದೇ ಕಾವಲು.

ನನಗೆ ಜ್ವರ ಬಂದು ಮೂರು ವಾರ ಸಾಗರ ಬಿಡಲಾಗಲಿಲ್ಲ. ಏಳುವಷ್ಟು ಶಕ್ತಿ ಬಂದ ಮೇಲೆ, ಸಿಕ್ಕ ಲಾರಿಯಲ್ಲಿ ಬೆಳಿಗ್ಗೆ ಹೊಸನಗರದಲ್ಲಿ ಇಳಿದೆ. ತೀರ್ಥಹಳ್ಳಿ ಬಸ್ಸು ಇನ್ನೂ ನಿಂತೇ ಇತ್ತು. ಮೊದಲು ಅಲ್ಲಿಗೆ ಹೋಗಿ, ಹೊಸನಗರದ ರೋಗಿಯನ್ನು ವಾಪಸು ಬರುವಾಗ ನೋಡೋಣವೆಂದು ಹತ್ತಿಬಿಟ್ಟೆ. ಬಸ್ಸು ತಡವಾಗಿದೆ ಎನ್ನುವುದು ನಮ್ಮ ಕಡೆ ಯಾರಿಗೂ ಸುದ್ದಿಯಲ್ಲ. ಗಡಿಯಾರ ಹತ್ತಿಯೊಳಗಿತ್ತು. ಹೊರಗೆ ಮಂಜಿನ ಕಾವಳ ಕವಿದು ಹೊತ್ತು ಎಷ್ಟೆಂದು ತಿಳಿಯುತ್ತಿರಲಿಲ್ಲ.

ತಿರುವಿಗೆ ಸ್ವಲ್ಪ ಹಿಂದೆ ಒಬ್ಬ ಅಜ್ಜಿ ಎದ್ದು, "ಇಲ್ಲೇ ಒಂಚೂರು ನಿಲ್ಸು ಮಗಾ" ಎಂದರು.

"ಮಾರಿಗೊಂದು ಕಡೆ ನಿಲ್ಸಿದ್ರೆ ತೀರ್ಥಳ್ಳಿ ಸೇರೋದು ಮುಂದಿನ ದೀಪಾವಳಿಗೆ, ಅಜ್ಜಿ," ಎಂದ ಡ್ರೈವರ್. ಬ್ರೇಕು ಹಾಕಿದ.

"ದೀಪಾವಳಿಗೆ ನಾನಿದ್ರಲ್ವಾ. ಈಗ್ಲೇ ಇಳ್ಸು."

ಅಜ್ಜಿ ಇಳಿದರು. ಕಂಡಕ್ಟರ್ ಅವರ ಮೂಟೆಗೆಂದು ಬಸ್ಸಿನ ಮೇಲೆ ಹತ್ತಿದ. ಆಗ ನೆಲ ಒಮ್ಮೆ ನಡುಗಿತು. ಸದ್ದು ಆಮೇಲೆ ಬಂತೆಂದೇ ನನಗೆ ನೆನಪು. ಮುಂದಿನ ತಿರುವು ಹೊಗೆಯೊಳಗೆ ಮುಳುಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಬಳಿಕ ಮರದೆಲೆಗಳನ್ನು ಹರಿಯುತ್ತ ಕಲ್ಲುಗಳು ಬಿದ್ದವು. ಒಂದು ಮುಂದಿನ ಗಾಜನ್ನು ಒಡೆಯಿತು. ಇನ್ನೊಂದು ತಲೆಯ ಮೇಲಿನ ತಗಡಿಗೆ ಬಡಿಯಿತು. ಅಲ್ಲೇ ಕಂಡಕ್ಟರ್ ಇದ್ದ. ಯಾರೂ ಅವನ ಹೆಸರು ಹಿಡಿದು ಕೂಗಲಿಲ್ಲ; ಉತ್ತರ ಬಾರದಿದ್ದರೆ ಎಂಬ ಭಯ ಎಲ್ಲರಿಗೂ ಇತ್ತೆಂದು ಕಾಣುತ್ತದೆ. ಕೊನೆಗೆ ಮೇಲಿನಿಂದಲೇ ಸಣ್ಣ ದನಿ ಬಂತು: "ಅಜ್ಜಿ, ನಿಮ್ಮ ಮೂಟೆ ಇಲ್ಲೇ ಉಂಟು."

ಆ ಮೂಟೆಯ ಬದಿಗೆ ಅವನು ಮಲಗಿದ್ದನಂತೆ. ಕಲ್ಲು ಮೂಟೆಗೆ ಬಿದ್ದಿತ್ತು. ಒಳಗಿದ್ದದ್ದು ಭತ್ತದ ಬೀಜ. ನಾವು ತಿರುವಿನಲ್ಲೇ ಇದ್ದಿದ್ದರೆ ಹೀಗೆ ಬರೆಯಲು ನಾನಿರುತ್ತಿರಲಿಲ್ಲ.

ಮದ್ದಿನ ಮೇಸ್ತ್ರಿ ಹೊಗೆಯೊಳಗಿಂದ ಓಡಿಬಂದ. ಅವನ ತುಟಿ ಬಿಳುಚಿತ್ತು. "ಒಂಬತ್ತಾದ್ಮೇಲೆ ಇಲ್ಲಿಗೆ ಯಾಕ್ರೀ ಬಂದ್ರಿ?"

ಹಣೆಯ ರಕ್ತ ಒರೆಸಿಕೊಳ್ಳುತ್ತಿದ್ದ ಡ್ರೈವರ್ ಕೈಗಡಿಯಾರ ಚಾಚಿದ. "ಒಂಬತ್ತಕ್ಕೆ ಇನ್ನೂ ಅರ್ಧ ಗಂಟೆ ಇದೆ. ಕಣ್ಣು ಕಾಣ್ಸುತ್ತಲ್ವಾ?"

ನಾನು ಪೆಟ್ಟಿಗೆ ಬಿಚ್ಚಿ ಹತ್ತಿ ಸರಿಸಿದೆ. ಮುಳ್ಳು ಒಂಬತ್ತು ದಾಟಿತ್ತು. ಮೇಸ್ತ್ರಿಯ ಮಾತು ನಿಜವಾಗಿತ್ತು. ಡ್ರೈವರ್ ನನ್ನ ಗಡಿಯಾರವನ್ನೂ ನನ್ನನ್ನೂ ನೋಡಿದ. "ನಾನು ದಿನಾ ಇಟ್ಕೊಳ್ಳೋದು ಟೈಲರ್ ಅಂಗ್ಡೀಲಿರೋ ನಿಮ್ಮ ಟೈಮೇ ಅಲ್ವಾ ಸ್ವಾಮಿ?"

ಅದು ನನಗೆ ಗೊತ್ತೇ ಇರಲಿಲ್ಲ. ಎರಡು ದಿನ ಮದ್ದು ಸಿಡಿಸುವುದಿಲ್ಲವೆಂದು ಮೇಸ್ತ್ರಿ ಮಾತು ಕೊಟ್ಟ. ನಾನು ತೀರ್ಥಹಳ್ಳಿಗೆ ಹೋಗಲಿಲ್ಲ. ಹೊಸನಗರಕ್ಕೆ ಹಿಂತಿರುಗಿದೆ, ರೋಗ ಹಿಡಿಯಲೆಂದು ಗಡಿಯಾರವನ್ನು ಮುಟ್ಟದೆ, ಡ್ರೈವರನಿಗೆ ಎಂದಿನಂತೆಯೇ ಹೊರಡಲು ಹೇಳಿ, ಮರುದಿನ ಬೆಳಿಗ್ಗೆ ಟೈಲರ್ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂತೆ. ಹಿಂದೆಲ್ಲ ಆ ಹೊತ್ತಿಗೆ ನಾನು ಬಸ್ಸಿನೊಳಗೆ ಇರುತ್ತಿದ್ದೆ.

ಗಾಜಿಗೆ ರಟ್ಟು ಕಟ್ಟಿದ ಅದೇ ಬಸ್ಸು ನಿಂತಿತ್ತು. ನಮ್ಮ ಗೋಡೆ ಗಡಿಯಾರ ಎಂಟು ತೋರಿಸಿತು. ಡ್ರೈವರ್ ಅಂಗಡಿಯ ಕಿಟಕಿಯಿಂದ ಇಣುಕಿ, ಕೈಗಡಿಯಾರವನ್ನು ಅದಕ್ಕೆ ಹೊಂದಿಸಿಕೊಂಡು ಹೋದ. ಚಳಿಗೆ ಇಂಜಿನ್ ಹಿಡಿಯಲಿಲ್ಲ. ಕಂಡಕ್ಟರ್ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೈದುಕೊಂಡ. ಎರಡು ಮೂರು ನಿಮಿಷ ಕಳೆದು ಬಸ್ಸು ಹಾರ್ನ್ ಮಾಡಿ ಹೊರಟಿತು. ಹಾರ್ನ್ ಕೇಳಿದ ಟೈಲರರು ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಎದ್ದು, ಗಡಿಯಾರದ ಬಾಗಿಲು ತೆರೆದು, ದೊಡ್ಡ ಮುಳ್ಳನ್ನು ಮೆಲ್ಲಗೆ ಹಿಂದಕ್ಕೆ, ನೇರ ಎಂಟಕ್ಕೆ ತಂದು ನಿಲ್ಲಿಸಿದರು.

"ಎಂತ ಮಾಡಿದ್ರಿ ಇದು?" ಎಂದೆ.

"ಸರಿ ಮಾಡ್ದೆ. ಮುಂದೆ ಓಡ್ತದೆ ಮಾರಾಯ್ರೆ ಇದು. ಎಂಟರ ಬಸ್ಸು ಹೊರಟ್ರೆ ಎಂಟೇ ಅಲ್ವಾ? ಟೈಮು ಸರಿಯಾಗಿರ್ಬೇಕು ಅಂತ ನೀವೇ ಹೇಳಿದ್ದು."

ಹೇಳಿದೆ: ಬಸ್ಸು ಗಡಿಯಾರವನ್ನು ನೋಡುತ್ತದೆ, ಗಡಿಯಾರ ಬಸ್ಸನ್ನು ನೋಡುತ್ತದೆ, ದಿನಕ್ಕೆ ಒಂದಿಷ್ಟು ಇಬ್ಬರೂ ಕೂಡಿ ಹಿಂದೆ ಸರಿಯುತ್ತಾರೆ, ನಾನು ಬಾರದ ಮೂರು ವಾರದಲ್ಲಿ ಅದು ಮದ್ದಿನ ಹೊತ್ತನ್ನು ಮುಟ್ಟಿತು. ಟೈಲರರು ಗಡಿಯಾರದ ಬಾಗಿಲು ಮುಚ್ಚಿದರು. "ಬಸ್ಸು ನನ್ನ ನೋಡಿ ಹೊರಡ್ತಿತ್ತಾ?" ಎಂದಷ್ಟೇ ಕೇಳಿ, ಮಷಿನ್ನಿನ ಮೇಲೆ ಬಟ್ಟೆ ಮುಚ್ಚಿ, ಅಂದು ಅಂಗಡಿಯ ಬಾಗಿಲು ಎಳೆದುಕೊಂಡರು.

ಗಡಿಯಾರದ ಬಾಗಿಲಿಗೆ ಬೀಗ ಹಾಕಿಸಿದೆ. ನಮ್ಮ ಕಾಗದದ ಗೆರೆಗಳು ಅಂದಿನಿಂದ ಹೊಂದಿಕೊಂಡವು, ಮೇಲಧಿಕಾರಿ ಸಂತೋಷಪಟ್ಟರು. ನನಗೆ ಸಂತೋಷಪಡುವಷ್ಟು ತ್ರಾಣವಿರಲಿಲ್ಲ. ಮುಂದಿನ ವಾರ ಆ ತಿರುವಿನಲ್ಲಿ ಮೇಸ್ತ್ರಿ ರಸ್ತೆಯ ನಡುವೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಈ ಬದಿಗೂ ಒಬ್ಬ ಬಾವುಟ ಹಿಡಿದು ನಿಂತಿದ್ದ. ಬಸ್ಸು ಕಣ್ಣಾರೆ ದಾಟುವವರೆಗೆ, ಗಂಟೆ ಎಷ್ಟೇ ಆಗಲಿ, ಮದ್ದಿಗೆ ಬೆಂಕಿಯಿಲ್ಲ ಎಂದು ಅವನೇ ಕಟ್ಟು ಮಾಡಿದ್ದನಂತೆ. ತೊಡೆಯ ಮೇಲಿನ ಪೆಟ್ಟಿಗೆ ನೋಡಿ ನನ್ನನ್ನು ಗುರುತಿಸಿದ. ಗಂಟೆ ಕೇಳುತ್ತಾನೆಂದು ನಾನು ಮುಚ್ಚಳಕ್ಕೆ ಕೈ ಹಾಕಿದೆ.

"ಅದು ಬೇಡ ಬಿಡಿ," ಎಂದ. "ಹಿಂದೆ ಯಾವ್ದಾದ್ರೂ ಗಾಡಿ ಬರ್ತಿದ್ಯಾ, ಅಷ್ಟು ಹೇಳಿ ಸಾಕು."

ನಾನು ಕಿಟಕಿಯಿಂದ ತಲೆ ಹೊರಹಾಕಿ, ಬಂದ ದಾರಿಯನ್ನು ಕಾವಳದೊಳಗೆ ಕಾಣುವಷ್ಟು ದೂರ ನೋಡಿದೆ.