ಗೃಹ ಅಂದರೆ ಮನೆ ಅಂದುಕೊಂಡೆ

ಶಾಹೀನ್ ಟೀಚರಷ್ಟು ಪೆನ್ನಿನ ಜಿಪುಣಿಯನ್ನು ನಾನು ಕಂಡಿಲ್ಲ. ಅಂಗವಿಕಲ ಮಕ್ಕಳ ತಂದೆ-ತಾಯಿ ಕಾಗದಕ್ಕೆ ದಸ್ಕತ್ತು ಹಾಕಲು ಅವಸರದಿಂದ ಕೈ ಚಾಚಿದರೆ, ಪೆನ್ನನ್ನು ಬುರ್ಖಾದ ತೋಳಿನೊಳಗೆ ಸರಿಸಿಬಿಡುತ್ತಿದ್ದಳು. ಮೊದಲು ಕಾಗದವನ್ನು ಓದಿ ಹೇಳುವಳು. ಆಮೇಲೆ "ಈಗ ನೀವು ಹೇಳ್ರಿ, ಏನು ತಿಳೀತು?" ಎಂದು ಗಲ್ಲಕ್ಕೆ ಕೈ ಕೊಟ್ಟು ಕೂಡುವಳು. ಸುಮ್ಮನೆ ತಲೆ ಆಡಿಸಿದರೆ ನಡೆಯುತ್ತಿರಲಿಲ್ಲ. ನಮ್ಮ ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯವರು ಬಸ್ಸು ಹೋಗುತ್ತದೆ ಎಂದು ಗೊಣಗಿದರೆ, ಇನ್ನೊಂದು ಬರುತ್ತದೆ, ಕೂಡ್ರಿ ಎನ್ನುತ್ತಿದ್ದಳು. ನನಗಿಂತ ಬಹಳ ಚಿಕ್ಕವಳು, ಅದಕ್ಕೇ 'ಆಕೆ' ಎಂದೇ ಹೇಳುತ್ತೇನೆ.

ನಾನು ಕಲಿತದ್ದು ಮೂರನೇ ಕ್ಲಾಸು. ಹೆಸರು ಬರೆಯಲು ಬರುತ್ತದೆ. ಅದೇ ನನಗೆ ಮುಳುವಾಯಿತು.

ಮೊಮ್ಮಗಳು ನಿಂಗಿಗೆ ಹುಟ್ಟಿನಿಂದಲೂ ಕಾಲಿನಲ್ಲಿ ಬಲವಿಲ್ಲ. ಮಾತು ತೊದಲು, ತಲೆ ಮಾತ್ರ ಚುರುಕು. ಅವಳ ತಾಯಿ ಹತ್ತಿ ಮಿಲ್ಲಿಗೆ ಹೋಗುತ್ತಿದ್ದುದರಿಂದ ಎಲ್ಲಿಗಾದರೂ ಎತ್ತಿಕೊಂಡು ತಿರುಗುವವಳು ನಾನೇ. ಒಮ್ಮೆ ರಾಯಚೂರಿನಲ್ಲಿ ಇಂಥ ಮಕ್ಕಳ ತಪಾಸಣೆಯ ಶಿಬಿರ ಇಟ್ಟಿದ್ದರು. ಸಂತೆಯಂಥ ಗದ್ದಲ. ಮೇಜಿನ ಹಿಂದೆ ಕುಳಿತಿದ್ದವನು 'ಗೃಹಾಧಾರಿತ ಶಿಕ್ಷಣ' ಎಂದೇನೋ ಗಡಬಡಿಸಿ ಓದಿ ಕಾಗದ ಸರಿಸಿದ. ಗೃಹ ಅಂದರೆ ಮನೆ, ಅಷ್ಟು ಗೊತ್ತಿತ್ತು. ಇಂಥ ಮಕ್ಕಳಿದ್ದವರಿಗೆ ಸರಕಾರ ಮನೆ ಕಟ್ಟಿಸಿ ಕೊಡುತ್ತದೆ ಎಂದುಕೊಂಡು ದುಂಡಗೆ ಹೆಸರು ಬರೆದು ಬಂದೆ. ಹೊಸ ಮನೆಯ ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ಮಗನ ಜೊತೆ ಜಗಳವೂ ಆಯಿತು.

ಜೂನ್ ತಿಂಗಳಲ್ಲಿ ನಿಂಗಿಯನ್ನು ಶಾಲೆಗೆ ಒಯ್ದೆ. ಹೆಡ್‌ಮಾಸ್ತರರು ಪಟ್ಟಿ ನೋಡಿದರು. ಈಕೆ ಮನೆಯಲ್ಲೇ ಕಲಿಯುವವರ ಲೆಕ್ಕದಲ್ಲಿದ್ದಾಳೆ, ಟೀಚರು ವಾರಕ್ಕೊಮ್ಮೆ ನಿಮ್ಮ ಮನೆಗೇ ಬರುತ್ತಾರೆ, ನೀವೇ ಒಪ್ಪಿ ಸಹಿ ಮಾಡಿದ್ದೀರಲ್ಲ ಎಂದರು. ಅಷ್ಟೊತ್ತಿಗೆ ನಿಂಗಿ ಪಕ್ಕದ ಹುಡುಗಿಯ ಪಾಟಿ ಹಿಡಿದು ಗೆರೆ ಎಳೆಯುತ್ತಿದ್ದಳು. ಪಾಟಿ ಬಿಡಿಸಿ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತಳು.

ಯಾರೋ ದೇವದುರ್ಗದ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಶಾಹೀನ್ ಟೀಚರನ್ನು ಕಾಣು ಎಂದರು. ಹೋದೆ.

"ದಸ್ಕತ್ ಯಾಕ ಹಾಕಿದ್ಯವ್ವಾ?" ಎಂದು ಕೇಳಿದಳು.

"ಮನಿ ಕೊಡ್ತಾರಂತ ಹಾಕಿದೆ."

ಬುರ್ಖಾದ ತೋಳಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ನನಗೆ ಸಿಟ್ಟು ಬಂದು ಎದ್ದು ನಿಂತೆ. ಕೈ ಹಿಡಿದು ಕೂಡಿಸಿ, "ನಗಬಾರದಿತ್ತು. ತಿಳಿಸಿ ಹೇಳದವ್ರದ ತಪ್ಪದು, ನಿಂದಲ್ಲ" ಎಂದಳು.

ಹೊಸ ಕಾಗದ ಬರೆಯಲು ಕೂತಳು. ಅದಕ್ಕೆ ವೈಯಕ್ತಿಕ ಶಿಕ್ಷಣ ಯೋಜನೆ ಎಂದು ದೊಡ್ಡ ಹೆಸರು. ಆಕೆ ಹೇಳಿದ್ದು ಇಷ್ಟೇ: "ಬ್ಯಾರೆ ಹುಡುಗೂರ ಅಳತಿಗಿ ಹೊಲಿಸಿದ ಅಂಗಿ ನಿಂಗಿಗಿ ಸರಿ ಬರ್ತದೇನು? ಈ ಕಾಗದ ಆಕಿ ಅಳತಿ." ಯಾವ ತಿಂಗಳಿಗೆ ಏನು ಕಲಿಯಬೇಕು, ಅದಕ್ಕೆ ಶಾಲೆಯವರು ಏನು ಕೊಡಬೇಕು, ಮನೆಯವರು ಏನು ಮಾಡಬೇಕು ಎಂದು ಒಂದೊಂದೇ ಸಾಲು ಬಿಡಿಸಿದಳು. ತಾನೇ ಊಟ ಮಾಡುವುದು ಎಂಬ ಸಾಲಿಗೆ ನಾನು ತಕರಾರು ತೆಗೆದೆ. ಉಣಿಸಲು ನಾನಿದ್ದೇನಲ್ಲ ಎಂದೆ. "ಕಲಿಯಾಕ ಆಕಿ ತಯಾರ್ ಅದಾಳ. ಕಲಿಬೇಕಾದಾಕಿ ನೀ" ಎಂದುಬಿಟ್ಟಳು.

ಕೊನೆಗೆ, ತಿಳಿದದ್ದನ್ನು ಹೇಳುವ ನನ್ನ ಸರದಿ ಬಂತು.

"ಮನಿಯಾಗ ಕುಂಡ್ರಂಗಿಲ್ಲ, ದಿನಾ ಸಾಲಿಗಿ ಹೋಗ್ತಾಳ. ತೋಳಿರೋ ಕುರ್ಚಿ ಅವ್ರು ಕೊಡ್ಬೇಕು. ಉಣ್ಣೂದು ನಾ ಕಲಸ್ಬೇಕು."

ಆಗ ಪೆನ್ನು ಕೈಗೆ ಬಂತು. ಮರುದಿನ ತಾನೇ ಶಾಲೆಗೆ ಬಂದಳು. ಇಷ್ಟು ಮಕ್ಕಳಲ್ಲಿ ಈಕೆಯನ್ನು ಯಾರು ನೋಡುತ್ತಾರೆ ಎಂದ ಹೆಡ್‌ಮಾಸ್ತರರ ಎದುರು ಕೂತು, ಕಾಗದದಲ್ಲಿದ್ದುದನ್ನು ಅವರ ಬಾಯಿಂದಲೂ ಹೇಳಿಸಿದಳು. ನಿಂಗಿಯ ಹೆಸರು ಹಾಜರಿಯಲ್ಲಿ ಬಂತು. ಮನೆಯಲ್ಲಿ ಎಷ್ಟೋ ದಿನ ಅರ್ಧ ಅನ್ನ ನೆಲಕ್ಕೆ ಬಿದ್ದು ಕೋಳಿಗಳ ಪಾಲಾಯಿತು. ನಾನು ಕೈ ಕಟ್ಟಿಕೊಂಡು ಕೂತಿದ್ದೆ.

ಆಮೇಲೆ ಆಕೆಗೆ ಮಾನ್ವಿಗೆ ವರ್ಗವಾಯಿತು. ಹಬ್ಬಕ್ಕೆ ಫೋನ್ ಮಾಡಿದರೂ ನನ್ನ ಆರೋಗ್ಯ ಕೇಳಿದವಳಲ್ಲ, ನಿಂಗಿ ಎಷ್ಟು ದಿನ ಶಾಲೆ ತಪ್ಪಿಸಿದಳು ಎಂದೇ ಕೇಳುವಳು. ತಾನು ಜಡ್ಡು ಬಿದ್ದ ವಿಷಯವನ್ನು ಹೇಳಲೇ ಇಲ್ಲ.

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ಆಕೆ ತೀರಿಕೊಂಡ ಸುದ್ದಿ ಬಂತು. ನಿಂಗಿ ಚೀಲ ಹಾಕಿಕೊಂಡು, ಗೋಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳನ್ನೂ ಮಾನ್ವಿಗೆ ಕರೆದುಕೊಂಡು ಹೋಗೋಣ ಅನಿಸಿತು. ಆದರೆ ಶಾಲೆಗೆ ಬಿಟ್ಟು, ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿದೆ. ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣಿಗೆ ಒಯ್ದಿದ್ದರು. ಹೆಂಗಸರ ನಡುವೆ ಆಕೆಯ ಮಗಳು ಕೂತಿದ್ದಳು.

"ನಿಂಗಿನ್ನ ಕರ್ಕೊಂಡು ಬರಲಿಲ್ಲೇನ್ರೀ? ಅಮ್ಮಿ ಆಕಿನ್ನ ಬಾಳ ನೆನಸ್ತಿದ್ಲು."

"ಸಾಲಿಗಿ ಹೋಗ್ಯಾಳವ್ವಾ" ಎಂದೆ.

ಹುಡುಗಿ ತಲೆಯಾಡಿಸಿ, ಸರಿದು, ನನಗೆ ಕೂಡಲು ಜಾಗ ಕೊಟ್ಟಳು.